ನೊಗದ ಮೇಲೆ ಒಂದು ಗೇಣು

ಬಿಲಾಯತಿಯಿಂದ ಬಂದವರನ್ನು ಜನ ಏನೇನೋ ಕೇಳುತ್ತಾರಂತೆ. ರಾಜನನ್ನು ಕಂಡಿರಾ, ಹಿಮ ಹೇಗೆ ಬೀಳುತ್ತದೆ, ನೆಲದ ಕೆಳಗೆ ರೈಲು ಓಡುವುದು ಖರೆಯೇ ಎಂದು. ನನಗೆ ಆ ಭಾಗ್ಯ ಬರಲಿಲ್ಲ. ನಾನು ಅಲ್ಲಿ ಓದಿದ್ದು ಖಗೋಳಶಾಸ್ತ್ರ ಎಂದು ತಿಳಿದದ್ದೇ ತಡ, ಎದುರಿಗಿದ್ದವರು ಅಂಗೈ ಚಾಚುತ್ತಾರೆ. ವಕೀಲರು ಚಾಚಿದ್ದಾರೆ, ಡಾಕ್ಟರರು ಚಾಚಿದ್ದಾರೆ, ಒಬ್ಬ ಸರಕಾರಿ ಅಧಿಕಾರಿಯಂತೂ ಬಾಗಿಲು ಮುಚ್ಚಿಕೊಂಡು ಬಂದು ಚಾಚಿದ್ದಾರೆ. ಈ ಅಂಗೈಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಹಾನಗಲ್ಲಿನವ. ಹೆಸರು ಶಿವಲಿಂಗಪ್ಪ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸಹಿ ಮಾಡಿದವರಿಲ್ಲ, ಎಲ್ಲರದೂ ಹೆಬ್ಬೆಟ್ಟು. ಸಾಲಿ ಕಲಿಯುವಾಗ ದೊಡ್ಡವರ ಮನೆಗಳಿಗೆ ಹಿತ್ತಲ ಬಾಗಿಲಿನಿಂದ ಹೊಕ್ಕು ಉಂಡು ಬಂದವನು. ಧಾರವಾಡದಲ್ಲಿ ಮಠದ ಪ್ರಸಾದ ಉಂಡು ಗಣಿತದಲ್ಲಿ ಬಿ.ಎಸ್‌ಸಿ. ಆದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾದೀತು. ಜಂಬಕ್ಕೇ ಹೇಳುತ್ತಿದ್ದೇನೆ. ಆ ಪದವಿಗೆ ಅಲ್ಲಿಯವರು ಕೊಟ್ಟ ಮರ್ಯಾದೆ ಎಂಥದು, ಇಲ್ಲಿಯವರು ಕೊಟ್ಟ ಮರ್ಯಾದೆ ಎಂಥದು ಎಂಬುದನ್ನು ಓದುಗರೇ ತೂಗಿ ನೋಡಲಿ.

ಶಿಗ್ಗಾಂವಿ

ನನ್ನ ಪರದೇಶ ಪ್ರವಾಸ ಸುರುವಾದದ್ದು ಚಕ್ಕಡಿಯಲ್ಲಿ. ಬೆಲ್ಲದ ಪೆಂಟಿ ಹೇರಿಕೊಂಡು ಹಾನಗಲ್ಲಿನಿಂದ ಶಿಗ್ಗಾಂವಿಯ ಸಂತೆಗೆ ಹೋಗುವುದು ಅಪ್ಪನಿಗೆ ನಾನು ಹುಟ್ಟುವ ಮೊದಲಿನಿಂದ ಬಂದ ರೂಢಿ. ಈ ಸಲ ಪೆಂಟಿಗಳ ನಡುವೆ ನನ್ನ ಟ್ರಂಕೂ ಕುಳಿತಿತ್ತು. ಬಿಸಿಲಿಗೆ ಎತ್ತು ದಣಿಯಬಾರದೆಂದು ಅಪ್ಪ ನಸುಕಿಗಿಂತ ಎಷ್ಟೋ ಮೊದಲೇ ಹೂಡುತ್ತಾನೆ. ಶಿಗ್ಗಾಂವಿ ನಮಗೆ ಉತ್ತರ. ಆದ್ದರಿಂದ ಆ ದಾರಿಯುದ್ದಕ್ಕೂ ಧ್ರುವ ಮುಂದೆಯೇ ಇರುತ್ತಾನೆ, ಎರಡೆತ್ತುಗಳ ನಡುವೆ, ನೊಗಕ್ಕಿಂತ ತುಸು ಮೇಲೆ. ನಾನು ಚಿಕ್ಕವನಿದ್ದಾಗ ಅಪ್ಪ ನನ್ನ ಕೈ ಹಿಡಿದು ಮುಂದೆ ಚಾಚಿಸಿ, ಗೇಣು ಬಿಡಿಸಿ ತೋರಿಸಿದ್ದ. ಕಿರುಬೆರಳು ನೊಗಕ್ಕೆ ತಾಗಿಸಿದರೆ ಹೆಬ್ಬೆರಳ ತುದಿಗೆ ಧ್ರುವ.

"ನೊಗದ ಮ್ಯಾಲೆ ಒಂದ್ ಗೇಣು. ಅಂವ ಅಲ್ಲಿ ಕುಂತಿದ್ದಾನಂದ್ರ ದಾರಿ ಸೀದಾ ಐತಿ. ನೀ ಮಕ್ಕೋ."

ನಾನು ಮಲಗುತ್ತಿರಲಿಲ್ಲ. ಕೈ ಸೋಲುವ ತನಕ ಗೇಣು ಹಿಡಿದು ನೋಡುತ್ತಿದ್ದೆ. ಖಗೋಳಶಾಸ್ತ್ರದಲ್ಲಿ ನನ್ನ ಮೊದಲ ವರ್ಗ ಅದು, ಮೊದಲ ಮಾಸ್ತರ ಅಪ್ಪ.

ಶಿಗ್ಗಾಂವಿಯಲ್ಲಿ ಅಪ್ಪ ನನ್ನ ಟ್ರಂಕನ್ನು ಸವಣೂರಿನ ಮೋಟಾರಿನ ನೆತ್ತಿಗೆ ಏರಿಸಿದ. ಏನಾದರೂ ಹೇಳುತ್ತಾನೇನೋ ಎಂದು ಕಾದೆ. "ಹುಷಾರು" ಅಂದ. ಎತ್ತಿಗೂ ಅವನು ಇಷ್ಟೇ ಹೇಳುವುದು.

ಮೋಟಾರಿನಲ್ಲಿ ಪಕ್ಕಕ್ಕೆ ಒಬ್ಬ ಹತ್ತಿ ವ್ಯಾಪಾರಿ.

"ಎಲ್ಲಿಗ್ ಹೊಂಟೀರಿ ತಮ್ಮಾರ?"

"ಬಿಲಾಯತಿಗ್ರಿ."

"ಬಾಲಿಸ್ಟರ್ ಆಗಾಕ ಏನು?"

"ಅಲ್ರಿ. ನಕ್ಷತ್ರ ಓದಾಕ."

ಆತ ಕೂಡಲೇ ಅಂಗೈ ಚಾಚಿದ. "ಹಂಗಾದ್ರ ಇಲ್ನೋಡ್ರಿ. ನನ್ನ ಹತ್ತಿ ದರ ಯಾವಾಗ ಏರತೈತಿ?"

"ನಾ ಕೈ ನೋಡಂಗಿಲ್ರಿ. ಅದು ಬ್ಯಾರೆ. ನಕ್ಷತ್ರ ಎಷ್ಟು ದೂರ ಅದಾವು, ಯಾತರಿಂದ ಆಗ್ಯಾವು, ಎಲ್ಲಿಗ್ ಹೊಂಟಾವು, ಅದನ್ನ ಓದೋದು."

"ಅವು ಎಲ್ಲಿಗರ ಹೋಗ್ಲಿ ಬಿಡ್ರಿ! ಅದನ್ನ ಓದಿದಾವಗ ಹೆಣ್ಣು ಕೊಡೋರ್ ಯಾರ್ರಿ?"

ಇಡೀ ಮೋಟಾರು ನಕ್ಕಿತು. ಚಾಲಕ ಕೂಡ ತಿರುಗಿ ನಕ್ಕ, ಒಂದು ಗಾಲಿ ಚರಂಡಿಗೆ ಇಳಿಯಿತು. ನಕ್ಕವರೆಲ್ಲ ಇಳಿದು ದಬ್ಬಬೇಕಾಯಿತು. ನಾನು ಇಳಿಯಲಿಲ್ಲ.

ಸವಣೂರು

ಸಮುದ್ರ ದಾಟುವ ಮೊದಲು ನಾನು ಕಂಡ ಪರರಾಜ್ಯ ಸವಣೂರು. ಶಿಗ್ಗಾಂವಿ ಬ್ರಿಟಿಷ್ ಸರಕಾರದ್ದು, ಸವಣೂರು ನವಾಬರದು. ಗಡಿ ದಾಟಿದರೆ ಮಣ್ಣಿನ ಬಣ್ಣವೇನೂ ಬದಲಾಗುವುದಿಲ್ಲ. ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಎಲೆಬಳ್ಳಿಯ ತೋಟದವರು. ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಳು. ಅವಳ ಮಾವ ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸಮುದ್ರ ದಾಟಿ ಹೋಗಿ ಆಕಾಶ ನೋಡೋದಂದ್ರ ಏನಪಾ? ನಮ್ಮ ಅಂಗಳದಾಗ ಆಕಾಶ ಇಲ್ಲೇನು?"

ನನಗೆ ಸಿಟ್ಟು ಬಂತು. ಅಕ್ಕ ನನ್ನ ಪರವಾಗಿ ಅಂದಳು: "ಇದ್ರೇನ್ರಿ ಮಾವ, ನೀವು ಒಮ್ಮೆರ ತಲಿ ಎತ್ತಿ ನೋಡೀರೇನು? ಎಲಿ ನೋಡೋದರಾಗ ಜನ್ಮ ಹೋತು."

ಮರುದಿನ ಯಲವಿಗಿಯಲ್ಲಿ ರೈಲು ಹತ್ತಿದೆ. ಸುಣ್ಣದ ಕಡ್ಡಿ ಹಿಡಿದ ಆ ಮುದುಕರ ಪ್ರಶ್ನೆ ಮುಂಬಯಿಯ ತನಕ ನನ್ನ ಜೊತೆಗೇ ಬಂತು.

ಹಡಗು

ಹಡಗಿನ ಬಗ್ಗೆ ಬರೆಯುವವರು ಮೀನು ಹಾರಿದ್ದನ್ನು, ಸೂರ್ಯ ಮುಳುಗಿದ್ದನ್ನು ಬರೆಯುತ್ತಾರೆ. ನಾನು ಕಂಡದ್ದು ವಾಂತಿಗೆಂದು ಕೊಟ್ಟ ಒಂದು ತಗಡಿನ ಬೋಗುಣಿ. ಮುಂಬಯಿ ಮರೆಯಾದಾಗ ಅದನ್ನು ತಬ್ಬಿಕೊಂಡವನು ಫ್ರಾನ್ಸಿನ ದಂಡೆಯಲ್ಲಿ ಬಿಟ್ಟೆ. ಇದನ್ನೇಕೆ ಹೇಳುತ್ತೇನೆಂದರೆ, ಉತ್ತರಕ್ಕೆ ಹೋದಷ್ಟೂ ಧ್ರುವ ಮೇಲೇರುತ್ತಾನೆ. ಒಂದು ಸಂಜೆಯಾದರೂ ಮೇಲೆ ಹತ್ತಿ ಬಂದಿದ್ದರೆ ಅವನು ದಿನದಿನಕ್ಕೂ ಏರುವುದನ್ನು ಕಣ್ಣಾರೆ ನೋಡುತ್ತಿದ್ದೆ. ನಕ್ಷತ್ರ ಓದಲು ಹೊರಟವನು ಅಷ್ಟು ದೊಡ್ಡ ಪಾಠ ತಲೆಯ ಮೇಲೆ ನಡೆಯುತ್ತಿರುವಾಗ ಬೋಗುಣಿಯಲ್ಲಿ ಮುಖವಿಟ್ಟು ಮಲಗಿದ್ದೆ. ಅದರ ಫಲ ಮುಂದೆ ಬಂತು.

ಮೋಡದ ಊರು

ಊರಿನ ಹೆಸರು ಹೇಳುವುದಿಲ್ಲ. ಇಂಗ್ಲಂಡಿನ ನಡುಮಧ್ಯದ ಊರು, ಎಲ್ಲಿ ನೋಡಿದರೂ ಹೊಗೆ ಕೊಳವೆ. ನನ್ನ ಮನೆಯೊಡತಿ ಒಳ್ಳೆಯ ಹೆಂಗಸು, ಆದರೆ ವಾರಕ್ಕೊಂದೇ ಸ್ನಾನ ಎಂಬುದು ಅವಳ ಮನೆಯ ಕಾಯಿದೆ. ನಾನು ದಿನಾ ಬೆಳಿಗ್ಗೆ ತಣ್ಣೀರು ಸುರುವಿಕೊಂಡು ಲಿಂಗಪೂಜೆಗೆ ಕೂಡುವುದನ್ನು ಕಂಡು ನನಗೆ ಏನೋ ಚರ್ಮರೋಗವಿದೆ ಎಂದು ತಿಳಿದಳು. ಅಕ್ಕನ ಖಡಕ್ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಒಂದು ಗಳಿಗೆ ಒಳಗೆ ಹೋಗಿ ಬರುವಷ್ಟರಲ್ಲಿ ಅದರ ಮೇಲೆ ಕುದಿಯುವ ಚಹದ ಕೆಟಲು ಕೂತಿತ್ತು. "ಚೆಂದದ ತಟ್ಟೆ, ನಿಮ್ಮ ದೇಶದ ಕೈಗೆಲಸವೇ?" ಎಂದು ಕೇಳಿದಳು. ನಾನು ಕೆಟಲು ಎತ್ತಿ, ಆ ಕೈಗೆಲಸವನ್ನು ಮುರಿದು, ಅವಳೆದುರಿಗೇ ಚಟ್ನಿಪುಡಿ ಹಚ್ಚಿ ತಿಂದೆ. ಮರುದಿನದಿಂದ ಅವಳು ನನ್ನ ಹಲ್ಲುಗಳನ್ನು ಗೌರವದಿಂದ ನೋಡತೊಡಗಿದಳು.

ವಿಶ್ವವಿದ್ಯಾಲಯದ ಗುಮಾಸ್ತ ನನ್ನ ಹೆಸರನ್ನು ಮುರಿದು ಕೊನೆಯ ತುಂಡನ್ನು ಬರೆದುಕೊಂಡ. ಅಂದಿನಿಂದ ನಾನು ಮಿಸ್ಟರ್ ಅಪ್ಪ. ಬಿಳಿಯ ಮುಖದ ಇಡೀ ವರ್ಗ ನನ್ನನ್ನು ಅಪ್ಪ, ಅಪ್ಪ ಎಂದು ಕರೆಯಿತು. ಅಲ್ಲಿ ನಡೆದ ಅನ್ಯಾಯಗಳಲ್ಲಿ ಇದೊಂದನ್ನು ನಾನು ತಿದ್ದಲು ಹೋಗಲಿಲ್ಲ.

ಆದರೆ ಪ್ರೊಫೆಸರರು ಮಾಡಿದ್ದನ್ನು ಹೇಗೆ ಬಿಡಲಿ? ನನ್ನ ಪದವಿ ಪತ್ರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಎರಡು ಬೆರಳಲ್ಲೇ ಮರಳಿ ಕೊಟ್ಟರು.

"ಇದರ ಬೆಲೆ ಎಷ್ಟೆಂದು ನಮಗೆ ತಿಳಿಯುವುದಿಲ್ಲ, ಮಿಸ್ಟರ್ ಅಪ್ಪ. ಮೊದಲನೆಯ ವರ್ಷದವರ ಜೊತೆಗೆ ಕೂಡಿರಿ."

ಬಿಲಾಯತಿಯ ಓದಿಗೆ ಮಠದಿಂದ ನನಗೆ ಹಣದ ನೆರವು ಸಿಕ್ಕದ್ದು ಎರಡೇ ವರ್ಷಕ್ಕೆ. ಮೇಲಿನ ವರ್ಗದ ಪಾಠ ಮುಗಿಸಲು ಅದರ ಬಹುಪಾಲು ಬೇಕು. ಮೊದಲ ವರ್ಷ ಪೂರ್ತಿ ಕೆಳಗೆ ಕಳೆದರೆ ನಾನು ಅರ್ಧ ಕಲಿತು ಊರಿಗೆ ಮರಳಬೇಕಾಗುತ್ತಿತ್ತು. ಕ್ರಿಸ್‌ಮಸ್ಸಿನ ಮೊದಲು ಒಂದು ಪರೀಕ್ಷೆ ಇದೆ, ಅದರಲ್ಲಿ ಪಾಸಾದವರು ಮೇಲಕ್ಕೆ ಜಿಗಿಯಬಹುದು ಎಂದರು. ಆ ಒಂದು ಪರೀಕ್ಷೆಯ ಮೇಲೆ ನನ್ನ ಎಲ್ಲವೂ ನಿಂತಿತ್ತು.

ಅಲ್ಲಿಯ ತನಕ ಏನು ಕಲಿಸಿದರು? ಕತ್ತಲೆ ಕೋಣೆ, ನಡುವೆ ಒಂದು ದೀಪ, ಅದರ ಸುತ್ತ ಕಿತ್ತಳೆ ಹಣ್ಣು. ದೀಪ ಸೂರ್ಯ, ಕಿತ್ತಳೆ ಭೂಮಿ. ಗೋಳದ ಮೇಲಿನ ತ್ರಿಕೋನಗಳನ್ನು ಬಿಡಿಸಿ ಪದವಿ ಪಡೆದ ನಾನು, ನಿನ್ನೆ ಮೊನ್ನೆ ಮೀಸೆ ಬಂದ ಹುಡುಗರ ನಡುವೆ, ಕಿತ್ತ‌ಳೆ ಹಿಡಿದು ದೀಪಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದೆ. ಹಾನಗಲ್ಲಿನಲ್ಲಿ ಕಿತ್ತಳೆ ಸಿಕ್ಕರೆ ತಿನ್ನುತ್ತೇವೆ.

ಇನ್ನು ಆಕಾಶದ ಮಾತು. ಇಲ್ಲವೇ ಇಲ್ಲ. ಬೆಳಿಗ್ಗೆ ಮೋಡ, ಸಂಜೆ ಮೋಡ, ನಡುವೆ ಹೊಗೆ. ಅಪರೂಪಕ್ಕೆ ನಮ್ಮವರು ಚಿಕ್ಕಿ ಅನ್ನುವ ನಕ್ಷತ್ರ ಕಂಡ ಒಂದೆರಡು ಸಂಜೆ ನಾನು ಒಳಗೆ ಕಿತ್ತಳೆ ತಿರುಗಿಸುತ್ತಿದ್ದೆ. ಆಗ ನನಗೆ ಅಕ್ಕನ ಮಾವನ ಪ್ರಶ್ನೆಗೆ ಉತ್ತರ ಹೊಳೆಯಿತು. ಆಕಾಶ ನಮ್ಮ ಅಂಗಳದಲ್ಲೇ ಇದೆ. ದೀಪಾವಳಿಯಿಂದ ಮುಂಗಾರಿನವರೆಗೆ ತೊಳೆದಿಟ್ಟ ಹಾಗೆ ಇದೆ. ಆದರೆ ದುರ್ಬೀನು ಈ ಮೋಡದವರ ಮಾಳಿಗೆಯ ಮೇಲಿದೆ! ಇದು ಯಾವ ಸೀಮೆಯ ನ್ಯಾಯ? ಧಾರವಾಡದಲ್ಲಿ ನಾನು ಖಗೋಳ ಓದಿದ್ದೆಲ್ಲ ಕಾಗದದ ಮೇಲೆ, ದುರ್ಬೀನನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದೆ.

ಮಾಳಿಗೆ

ಆ ಪರೀಕ್ಷೆಯ ಪದ್ಧತಿ ಹೀಗಿತ್ತು. ಮಾಳಿಗೆಯ ಮೇಲೆ ಸಾಲಾಗಿ ಕಂಬಕ್ಕೆ ಕೂಡಿಸಿದ ಸಣ್ಣ ದುರ್ಬೀನುಗಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಹಿತ್ತಾಳೆ ಚಕ್ರ. ನಳಿಗೆ ಎಷ್ಟು ಅಂಶ, ಅಂದರೆ ಡಿಗ್ರಿ, ಮೇಲಕ್ಕೆ ನೋಡುತ್ತಿದೆ ಎಂದು ಆ ಚಕ್ರ ಹೇಳುತ್ತದೆ. ಪರೀಕ್ಷೆಯ ದಿನ ಚಕ್ರಕ್ಕೆ ಬಟ್ಟೆ ಕಟ್ಟಿಬಿಡುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಚಹದ ಹೊತ್ತಿಗೇ ಕತ್ತಲಾಗುತ್ತದೆ. ಅದಕ್ಕೂ ತುಸು ಮೊದಲು, ಒಂದು ಚಿಕ್ಕಿಯೂ ಮೂಡದಿರುವಾಗ, ಧ್ರುವ ಎಲ್ಲಿ ಕಾಣಿಸಿಯಾನು ಎಂದು ನೀವು ಕೈಯಂದಾಜಿನಿಂದ ನಳಿಗೆ ನಿಲ್ಲಿಸಬೇಕು. ಉತ್ತರ ದಿಕ್ಕಿಗೆ ಗೋಡೆಯ ಮೇಲೆ ಗುರುತಿದೆ, ಎತ್ತರ ಮಾತ್ರ ನಿಮ್ಮದು. ಕತ್ತಲಾದ ಮೇಲೆ ಸಹಾಯಕ ಅಧ್ಯಾಪಕ ಬಂದು ಒಂದೊಂದರಲ್ಲೂ ಇಣುಕುತ್ತಾನೆ. ಧ್ರುವ ಕಂಡರೆ ಪಾಸು.

ಯಾವ ಊರಿನಲ್ಲಿ ಧ್ರುವ ಎಷ್ಟು ಅಂಶ ಮೇಲಿದ್ದಾನೋ ಅಷ್ಟೇ ಆ ಊರಿನ ಅಕ್ಷಾಂಶ. ಇದನ್ನು ಧಾರವಾಡದಲ್ಲಿ ಸಾಧಿಸಿ ತೋರಿಸಿ ಅಂಕ ಪಡೆದವನು ನಾನು. ಆ ಊರಿನ ಅಕ್ಷಾಂಶ ಐವತ್ತೆರಡರ ಮೇಲೆ ಎಂದೂ ಗೊತ್ತಿತ್ತು. ನಾನು ಉತ್ತರಕ್ಕೆ ಮುಖ ಮಾಡಿ ನಿಂತೆ. ಚಳಿಗೆ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣ ಮುಂದೆ ಎರಡೆತ್ತು, ಒಂದು ನೊಗ. ಕೈ ತಾನೇ ನಳಿಗೆಯನ್ನು ಇಳಿಸಿ ಬಿಗಿ ಮಾಡಿತು. ಎಲ್ಲರಿಗಿಂತ ಮೊದಲು ಮುಗಿಸಿದವನು ನಾನೇ. ಉಳಿದವರು ಇನ್ನೂ ತಿಣುಕುತ್ತಿರುವುದನ್ನು ಕೈ ಕಟ್ಟಿ ನೋಡುತ್ತ ನಿಂತೆ.

ಕತ್ತಲಾಯಿತು. ಅಂದು ಮೋಡ ಹರಿದಿತ್ತು. ಸಹಾಯಕ ನನ್ನ ನಳಿಗೆಯಲ್ಲಿ ಕಣ್ಣಿಟ್ಟ. ಹಿಂದಕ್ಕೆ ಸರಿದು ಕಣ್ಣು ಒರೆಸಿಕೊಂಡು ಮತ್ತೆ ಇಣುಕಿದ. ಆಮೇಲೆ ಹೇಳಿದ:

"ಮಹನೀಯರೇ, ಬನ್ನಿ. ಮಿಸ್ಟರ್ ಅಪ್ಪ ಅವರು ಕೆಂಪು ಧ್ರುವನನ್ನು ಕಂಡುಹಿಡಿದಿದ್ದಾರೆ."

ರೈಲಿನ ಸಿಗ್ನಲ್ ದೀಪ. ಹತ್ತಿರದ ಕಡಿದಾದ ಗುಡ್ಡದ ಮೇಲಿನ ಕಂಬದ್ದು. ಒಬ್ಬೊಬ್ಬರಾಗಿ ಬಂದು ಇಣುಕಿದರು, ಒಬ್ಬೊಬ್ಬರಾಗಿ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ವಿಲ್ಕಿನ್ಸ್ ಎಂಬ ಮೇಲಿನ ವರ್ಗದ ಹುಡುಗ, ಬರೇ ಮೋಜು ನೋಡಲು ಬಂದವನು. "ಅಪ್ಪ, ನಿನ್ನ ಧ್ರುವ ಹಸಿರಾಯಿತು! ರೈಲು ಬಂತು!" ಎಂದು ಕೂಗಿದ.

ನಾನು ತಲೆ ಎತ್ತಿದೆ. ನಿಜವಾದ ಧ್ರುವ ಎಲ್ಲೋ ಮೇಲೆ, ಕುತ್ತಿಗೆ ನೋಯುವಷ್ಟು ಮೇಲೆ, ಯಾರದೋ ಮನೆಯ ದೀಪದಂತೆ ನಿಂತಿದ್ದ. ಲೆಕ್ಕ ನನ್ನ ತಲೆಯಲ್ಲಿತ್ತು, ಧ್ರುವ ನನ್ನ ಕೈಯಲ್ಲಿದ್ದ. ಇಬ್ಬರಿಗೂ ಭೆಟ್ಟಿಯೇ ಆಗಿರಲಿಲ್ಲ.

ಪ್ರೊಫೆಸರರ ಕೋಣೆ

ಮರುವಾರ ಪ್ರೊಫೆಸರರು ಕರೆಸಿದರು. ಕೆಳಗಿನ ವರ್ಗದಲ್ಲೇ ಇರು ಎನ್ನುವುದಕ್ಕೆ ಎಂದುಕೊಂಡು ಹೋದೆ. ಮೇಜಿನ ಮೇಲೆ ಭೂಪಟ ಬಿಡಿಸಿಕೊಂಡು ಕುಳಿತಿದ್ದರು.

"ನಿಮ್ಮ ಊರು ಎಲ್ಲಿ ಬರುತ್ತದೆ? ತೋರಿಸಿ."

ಹಾನಗಲ್ಲು ಅದರಲ್ಲಿ ಇರಲಿಲ್ಲ. ಧಾರವಾಡದ ಕೆಳಗೆ ಉಗುರಿಟ್ಟು ತೋರಿಸಿದೆ.

"ಹದಿನೈದು ಅಂಶಕ್ಕೆ ತುಸು ಕಡಿಮೆ," ಅಂದರು. "ಅಂದು ನಿಮ್ಮ ಚಕ್ರದ ಬಟ್ಟೆ ಬಿಚ್ಚಿ ನೋಡಿದಾಗ ನಳಿಗೆ ನಿಂತದ್ದೂ ಅಲ್ಲಿಗೇ. ನೀವು ಚಕ್ರ ನೋಡಿರಲಿಲ್ಲ, ಚಿಕ್ಕಿಯೂ ಇರಲಿಲ್ಲ. ನಿಮ್ಮ ಮನೆಯ ಧ್ರುವನನ್ನು ನೀವು ಇಲ್ಲಿಂದ ಕೈಯಲ್ಲೇ ಹಿಡಿದಿರಿ. ಇಂಥ ತಪ್ಪನ್ನು ನಾನು ಕಂಡಿಲ್ಲ. ಚಹದ ಕೋಣೆಯಲ್ಲಿ ಎಲ್ಲರಿಗೂ ಹೇಳಿದೆ. ಸೋಮವಾರದಿಂದ ಮೇಲಿನ ವರ್ಗಕ್ಕೆ ಬನ್ನಿ."

ಮತ್ತೊಬ್ಬನಾಗಿದ್ದರೆ ಕಾಲಿಗೆ ಬೀಳುತ್ತಿದ್ದನೇನೋ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಎಷ್ಟು ವರ್ಷ ಉಪವಾಸ ವನವಾಸ ಬಿದ್ದು ಗಳಿಸಿದ ಪದವಿಯನ್ನು ಎರಡು ಬೆರಳಲ್ಲಿ ಹಿಡಿದವರು, ನನ್ನ ತಪ್ಪನ್ನು ಎರಡು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದಾರೆ! ಓದಿದ ಮನುಷ್ಯ ಬೇಡವಾದ, ಚಹದ ಕೋಣೆಯಲ್ಲಿ ತೋರಿಸಲು ಚಕ್ಕಡಿಯ ಮೇಲಿನ ಹುಡುಗ ಬೇಕಾದ.

"ನಾನು ಬರುವುದಿಲ್ಲ, ಸರ್," ಅಂದೆ.

"ಏನಂದಿರಿ?"

"ನಮ್ಮ ಊರಲ್ಲಿ ದೊಡ್ಡ ಮನೆಗಳಿಗೆ ಎರಡು ಬಾಗಿಲು. ಕರೆದ ಅತಿಥಿಗೆ ಮುಂದಿನದು, ಕನಿಕರದ ಕೂಳಿಗೆ ಬರುವವನಿಗೆ ಹಿತ್ತಲದು. ಹಿತ್ತಲದು ನನಗೆ ಚೆನ್ನಾಗಿ ಗೊತ್ತು. ಮತ್ತೆ ಅದರೊಳಗೆ ಹಾಯಲಿಕ್ಕೆ ನಾನು ಸಮುದ್ರ ದಾಟಿಲ್ಲ. ನನ್ನಲ್ಲಿ ಪದವಿ ಇದೆ. ಅದನ್ನು ನೋಡಿ ಒಳಗೆ ಕರೆಯಿರಿ."

"ಅದರ ಬೆಲೆ ನಮಗೆ ತಿಳಿಯದು ಎಂದು ಹೇಳಿದೆನಲ್ಲ."

"ತಿಳಿಯುವ ದಾರಿ ಇದೆ. ನಾನು ಪದವಿಗೆ ಕುಳಿತಾಗ ಕೊಟ್ಟ ಖಗೋಳದ ಪ್ರಶ್ನೆಪತ್ರಿಕೆ ನನ್ನ ಟ್ರಂಕಿನಲ್ಲಿದೆ. ಅದನ್ನು ನಿಮ್ಮ ಮೇಲಿನ ವರ್ಗಕ್ಕೆ ಕೊಡಿರಿ. ಅವರು ಸಲೀಸಾಗಿ ಬಿಡಿಸಿದರೆ ನಾನು ವರ್ಷವಿಡೀ ಬಾಯಿ ಮುಚ್ಚಿಕೊಂಡು ಕಿತ್ತಳೆ ತಿರುಗಿಸುತ್ತೇನೆ."

ಪ್ರೊಫೆಸರರ ಕಿವಿ ಕೆಂಪಾದವು. ಸಿಕ್ಕ ತುತ್ತನ್ನು ನೆಲಕ್ಕೆ ಎಸೆದ ಮೇಲೆ ಹಸಿವು ಏನೆಂಬುದು ನನಗೆ ಗೊತ್ತಿರಲಿಲ್ಲವೇ? ಅವರು ಭೂಪಟ ಮಡಿಚಿಟ್ಟು, "ಪತ್ರಿಕೆ ತನ್ನಿ," ಅಂದರು.

ಕೊಟ್ಟು ಬಂದೆ. ಉಳಿದ ದಿನಗಳನ್ನು ಹೇಗೆ ಕಳೆದೆನೋ ಶಿವನೇ ಬಲ್ಲ. ಒಂದು ಮಧ್ಯಾಹ್ನ ವಿಲ್ಕಿನ್ಸ್ ನನ್ನ ಕೋಣೆಯ ಬಾಗಿಲು ಬಡಿದ. ಕೂದಲು ಕೆದರಿತ್ತು, ಬೆರಳಿಗೆಲ್ಲ ಮಸಿ.

"ಅಪ್ಪ, ಆ ಮೂರನೆಯ ಪ್ರಶ್ನೆ. ಅದನ್ನು ಮಾಡುವುದು ಹೇಗೆ? ನಮ್ಮಲ್ಲಿ ಯಾರಿಗೂ ಆಗಲಿಲ್ಲ."

ಮಾಳಿಗೆಯ ಮೇಲಿನ ಅವನ ನಗು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಆದರೂ ಅಪ್ಪ ಎಂದು ಕರೆದು ಕೇಳಿದ ಮೇಲೆ ಹೇಳಿಕೊಡದೆ ಇರಲಾದೀತೇ? ಕೂಡಿಸಿಕೊಂಡು ಹೇಳಿಕೊಟ್ಟೆ.

ರಜೆ ಮುಗಿದ ದಿನ ಪ್ರೊಫೆಸರರು ನನ್ನನ್ನು ನಿಲ್ಲಿಸಿದರು. ಪತ್ರಿಕೆಯನ್ನು ಮರಳಿ ಕೊಟ್ಟರು. ಈ ಸಲ ಎರಡೂ ಕೈಯಲ್ಲಿ. ಅದರ ಮೇಲೆ ಮಾಳಿಗೆಯ ಕೀಲಿ ಇತ್ತು. ಕ್ಷಮೆ ಕೇಳಲಿಲ್ಲ. "ನಿಮ್ಮವರು ಗಟ್ಟಿ ಪ್ರಶ್ನೆ ಕೇಳುತ್ತಾರೆ," ಅಂದರು, ಅಷ್ಟೇ.

ಮೇಲಿನ ವರ್ಗ

ಬೈದಲ್ಲೆಲ್ಲ ಬೈದಿದ್ದೇನೆ, ಇಲ್ಲಿ ಖರೆ ಹೇಳಬೇಕು. ಮೇಲಿನ ವರ್ಗದಲ್ಲಿ ಕಲಿಸಿದ್ದು ವಿದ್ಯೆ. ದುರ್ಬೀನು ಸುಳ್ಳು ಹೇಳುತ್ತದೆ, ಗಡಿಯಾರ ಸುಳ್ಳು ಹೇಳುತ್ತದೆ, ನೋಡುವವನ ಕಣ್ಣೂ ಸುಳ್ಳು ಹೇಳುತ್ತದೆ. ಯಾರು ಎಷ್ಟು ಸುಳ್ಳು ಹೇಳಿದರು ಎಂದು ಲೆಕ್ಕ ಹಾಕಿ ಕಳೆಯುವುದೇ ಅಲ್ಲಿಯ ಅರ್ಧ ಪಾಠ. ಒಂದು ಸಣ್ಣ ಗ್ರಹವನ್ನು ಮೂರು ಸಲ ಕಂಡರೆ ಸಾಕು, ಅದು ಹೋಗುವ ದಾರಿಯನ್ನು ಪೂರ್ತಿ ಬರೆಯಬಹುದು. ನಾನು ವಾರಗಟ್ಟಲೆ ಕುಳಿತು ಬರೆದೆ. ಹಾದಿ ತಪ್ಪಿತು, ಹರಿದೆಸೆದು ಮತ್ತೆ ಬರೆದೆ. ಕೊನೆಗೆ ಒಂದು ಸಂಜೆ ಮೋಡ ಹರಿದಾಗ, ನಾನು ಎಲ್ಲಿ ಎಂದಿದ್ದೆನೋ ಅಲ್ಲಿಗೇ ಆ ಗ್ರಹ ಬಂದು ನಿಂತಿತು. ಅಂದು ಮನೆಯೊಡತಿಯ ಬೇಯಿಸಿದ ಎಲೆಕೋಸು ಕೂಡ ರುಚಿಯಾಯಿತು.

ನಕ್ಷತ್ರದ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ ಪಟ್ಟಿ ಮಾಡಿ ಚಿತ್ರ ತೆಗೆಯುತ್ತಾರೆ. ಆ ಪಟ್ಟಿಯಲ್ಲಿ ಕಪ್ಪು ಗೆರೆಗಳು ಬೀಳುತ್ತವೆ. ಒಂದೊಂದು ಗೆರೆಯೂ ಒಂದೊಂದು ವಸ್ತುವಿನ ಗುರುತು. ಎದ್ದು ಕಾಣುವ ಜೋಡಿ ಗೆರೆ ಯಾವುದರದು ಎಂದು ವಿಲ್ಕಿನ್ಸನನ್ನು ಕೇಳಿದೆ. "ಕ್ಯಾಲ್ಸಿಯಂ," ಅಂದ. ಅಂದರೆ ನಮ್ಮ ಸುಣ್ಣದೊಳಗೆ ಇರುವುದೇ! ಸವಣೂರಿನಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಆ ಮುದುಕರ ಬೆರಳು ನನ್ನ ಕಣ್ಣ ಮುಂದೆ ಬಂತು.

ಯುದ್ಧದ ಮಾತು ಬಲವಾಗುತ್ತಿದ್ದಾಗ ಪದವಿ ಮುಗಿಯಿತು. ಕಡೆಯ ಹಡಗುಗಳಲ್ಲೊಂದರಲ್ಲಿ ಬೋಗುಣಿಯ ಸಮೇತ ಮರಳಿದೆ.

ಮತ್ತೆ ಸವಣೂರು

ಅಕ್ಕನಿಗೆ ಸುಣ್ಣದ ಸಂಗತಿ ಹೇಳಿದೆ. ಅವಳು ಬಾಯಿಯ ಮೇಲೆ ಬೆರಳಿಟ್ಟುಕೊಂಡಳು.

"ನಕ್ಷತ್ರದಾಗ ಸುಣ್ಣ ಐತೇನೋ ತಮ್ಮಾ? ಹಂಗಾದ್ರ ಎಲಿ ಅಡಕಿ ಯಾರ್ ಇಟ್ಟಾರ?"

ಅವಳ ಮಾವ ನಗಲಿಲ್ಲ. ಸುಣ್ಣದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ಅಂಗಳಕ್ಕೆ ಹೋಗಿ ತಲೆ ಎತ್ತಿದರು. ಒಂದು ಮನೆಯಾದರೂ ಗೆದ್ದೆ ಎಂದುಕೊಂಡೆ. ಮರಳಿ ಬಂದು ಅಂಗೈ ಚಾಚಿದರು.

ಹಿರೇಕೆರೂರು

ಮಾಸೂರ ಕಡೆಯ ಗೌಡರೊಬ್ಬರು ಹಿರೇಕೆರೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆಯುವವರಿದ್ದಾರೆ, ಹೆಡ್‌ಮಾಸ್ತರರು ಬೇಕಂತೆ ಎಂದು ಸುದ್ದಿ ಬಂತು. ಅಪ್ಪನಿಗೂ ಅಲ್ಲಿ ಹೋರಿ ನೋಡುವುದಿತ್ತು. ಚಕ್ಕಡಿಯಲ್ಲೇ ಹೋದೆವು. ಗೌಡರ ಆಳು ನನ್ನನ್ನು ಮುಂದಿನ ಬಾಗಿಲಿಗೆ ಕಳಿಸಿ, ಅಪ್ಪನಿಗೆ ಹಿತ್ತಲ ದಾರಿ ತೋರಿಸಿದ. ಅಪ್ಪ ಅತ್ತ ಚಕ್ಕಡಿ ಹೊಡೆದುಕೊಂಡು ಹೋದ.

ಗೌಡರು ಜಮಖಾನೆಯ ಮೇಲೆ ಒರಗಿದ್ದರು. ನನ್ನ ಎರಡೂ ಪದವಿ ಪತ್ರಗಳನ್ನು ತಿರುವಿದರು, ಒಂದನ್ನು ತಲೆಕೆಳಗು ಹಿಡಿದು.

"ಇವು ಇರ್ಲಿ. ನಮ್ಮ ಹುಡುಗನ ಜಾತಕ ಇಲ್ಲೈತಿ. ಕನ್ಯಾ ಕೂಡತೈತೋ ಇಲ್ಲೋ, ನೋಡ್."

"ನಾ ಜಾತಕ ನೋಡಂಗಿಲ್ರಿ ಗೌಡ್ರ. ನಾ ಓದಿದ್ದು ಅದಲ್ಲ."

"ನಕ್ಷತ್ರ ಓದ್ಯಾನಂತ, ಜಾತಕ ನೋಡಂಗಿಲ್ಲಂತ!" ಸುತ್ತ ಕುಳಿತವರ ಕಡೆ ನೋಡಿ ನಕ್ಕರು. "ಎಲೋ, ನಿಮ್ಮಪ್ಪ ಬೆಲ್ಲದ ಚಕ್ಕಡಿ ಹೊಡಿಯಾಂವಲ್ಲ? ಅಂಥಾವನ ಮಗ ಬಿಲಾಯತಿಗೆ ಹೋದದ್ದು ಖರೆ ಏನು? ಇಲ್ಲಾ ಬೊಂಬಾಯಿದಾಗ ಎರಡು ವರ್ಷ ಕುಂತು ಈ ಕಾಗದ ಅಚ್ಚು ಹಾಕಿಸ್ಕೊಂಡು ಬಂದ್ಯೋ?"

ಅಲ್ಲಿಯವರಿಗೆ ಇಲ್ಲಿಯ ಪದವಿಯ ಬೆಲೆ ತಿಳಿಯಲಿಲ್ಲ. ಇಲ್ಲಿಯವರಿಗೆ ಅಲ್ಲಿಯದು ಸುಳ್ಳು. ಅಲ್ಲಿ ಕೊಡಲು ನನ್ನ ಬಳಿ ಒಂದು ಪ್ರಶ್ನೆಪತ್ರಿಕೆ ಇತ್ತು. ಇಲ್ಲಿ ಏನು ಕೊಡಲಿ? ಕಾಗದ ಎತ್ತಿಕೊಂಡು ಹೊರಗೆ ಬಂದೆ.

ಮುಸ್ಸಂಜೆಗೆ ಊರ ದಾರಿ ಹಿಡಿದೆವು. ಎಷ್ಟೋ ದೂರದ ಮೇಲೆ ಅಪ್ಪ ಕೇಳಿದ.

"ಯಾಕಲೇ, ಮಾರಿ ಉಬ್ಬಿಸಿ ಕುಂತಿ? ಏನಂದ ಗೌಡ?"

ಹೇಳಿದೆ. ಒಂದೂ ಬಿಡದೆ ಹೇಳಿದೆ. ಮುಂದೆ ಬಲಗಡೆಯ ಎತ್ತಿನ ಕೋಡಿನ ಮೇಲೆ ಧ್ರುವ ಮೂಡಿದ್ದ. ಅವನನ್ನೇ ನೋಡುತ್ತ ಅಪ್ಪ ಕೇಳಿದ:

"ಅಲ್ಲೆ... ಆ ನಿನ್ನ ಬಿಲಾಯತಿದಾಗ, ಇಂವ ಅದಾನೇನು?"

ಎರಡು ವರ್ಷದ ಓದಿನ ಬಗ್ಗೆ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದು.

"ಅದಾನಪ್ಪ."

"ಎಲ್ಲೆ? ತೋರ್ಸು."

ನಾನು ಕೈ ಚಾಚಿದೆ. ನೊಗಕ್ಕೆ ಕಿರುಬೆರಳು ತಾಗಿಸಿ ಒಂದು ಗೇಣು ಹಿಡಿದೆ. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಆಮೇಲೆ ಇನ್ನೂ ಅರ್ಧ. ಕೈ ನೆತ್ತಿಯ ಕಡೆ ಹೋಯಿತು.

ಅಪ್ಪ ಹೋ ಎಂದು ಎತ್ತು ನಿಲ್ಲಿಸಿದ.

"ಮೂರುವರಿ ಗೇಣು?"

"ಹೂಂ."

"ಬೊಂಬಾಯಿದಾಗ ಎಷ್ಟು ಇರತಾನ?"

"ಇಲ್ಲಿಗಿಂತ ಎರಡು ಬೆರಳು ಹೆಚ್ಚು. ಅಷ್ಟ."

ಅಪ್ಪ ತನ್ನ ಕೈ ಎತ್ತಿದ. ಒಂದು ಗೇಣು ಹಿಡಿದ, ಎರಡು ಹಿಡಿದ, ಮೂರನೆಯದಕ್ಕೆ ಕುತ್ತಿಗೆ ಹಿಂದಕ್ಕೆ ವಾಲಿಸಿ ಬರೀ ಆಕಾಶವನ್ನು ನೋಡಿದ.

"ಹುಟ್ಟಿದಾಗಿಂದ ಶಿಗ್ಗಾಂವಿ ದಾರಿ ತುಳದೇನಿ. ಇಂವ ನನಗ ಒಂದು ಕೂದಲೆಳಿಯಷ್ಟೂ ಏರಿಲ್ಲ," ಅಂದ. "ಮೂರುವರಿ ಗೇಣು ಏರಬೇಕಂದ್ರ... ಅಷ್ಟ್ ದೂರ ಒಬ್ಬನ ಹೋಗಿದ್ಯೇನೋ, ತಮ್ಮಾ?"

"ಒಬ್ಬನ ಹೋಗಿದ್ದೆ."

ಅಪ್ಪ ರುಮಾಲು ಬಿಚ್ಚಿ ಮತ್ತೆ ಬಿಗಿದು ಸುತ್ತಿಕೊಂಡ. ಆಮೇಲೆ ಹಗ್ಗ ಜಗ್ಗಿದ. ಎತ್ತುಗಳು ಮನೆಯ ದಾರಿ ಬಿಟ್ಟು ತಿರುಗಲು ಒಪ್ಪಲಿಲ್ಲ. ಇನ್ನೊಮ್ಮೆ ಜಗ್ಗಿದ. ಚಕ್ಕಡಿ ಹೊಲದ ಬದುವಿಗೆ ಒಂದು ಗಾಲಿ ಏರಿಸಿ, ಕಿರುಗುಟ್ಟುತ್ತ, ಹಿರೇಕೆರೂರಿಗೆ ಮುಖ ಮಾಡಿತು. ಧ್ರುವ ನಮ್ಮ ಬೆನ್ನಿಗೆ ಹೋದ.

"ಅಪ್ಪಾ, ಬ್ಯಾಡ. ಎಲ್ಲಿಗೆ ಹೊಂಟಿ? ಗೌಡ್ರು ನಂಬಂಗಿಲ್ಲ."

"ನಂಬದಿದ್ರ ಬಿಡ್ಲಿ. ಗೇಣು ಹಿಡದ್ ತೋರಿಸಿ ಬರೂಣು," ಅಂದ ಅಪ್ಪ. ಆಮೇಲೆ ಎತ್ತುಗಳಿಗೆ ಹೇಳುವ ಹಾಗೆ, ಮುಂದೆ ನೋಡುತ್ತಲೇ ಅಂದ: "ಮುಂದಿನ ಬಾಗಲಿಲೇ ಹೋಗೂಣು."